ಏನೂ ಹಾಕದ ತಟ್ಟೆ

ರೊಸಾರಿಯೊದಲ್ಲಿ ಜುಲೈ ಅಂದರೆ ಚಳಿ.
ಪರಾನಾ ನದಿಯ ಮಂಜು ಹತ್ತು ಗಂಟೆಯಾದರೂ
ಧಾನ್ಯದ ಹಡಗುಗಳನ್ನು ಬಿಟ್ಟುಕೊಡುವುದಿಲ್ಲ.
ಮೂರನೇ ಮಹಡಿಯ ಲ್ಯಾಬಿನಲ್ಲಿ ನೆಲಿದಾ ಬ್ರಕಮೊಂತೆ
ಕೋಟಿನ ಮೇಲೆ ಕೋಟು ತೊಟ್ಟು
ಇನ್‌ಕ್ಯುಬೇಟರಿನ ಬಾಗಿಲು ತೆರೆಯುತ್ತಾಳೆ.
ಒಳಗೆ ಸದಾ ಮೂವತ್ತೇಳು ಡಿಗ್ರಿ,
ಮೈಯ ಬಿಸುಪು, ಮೈ ಮಾತ್ರ ಇಲ್ಲ.

ಅಲ್ಲಿರುವುದು ಒಬ್ಬಳ ಎದೆಯಿಂದ ತೆಗೆದ ಗಂಟಿನ
ಮೊಮ್ಮಕ್ಕಳ ಮೊಮ್ಮಕ್ಕಳು, ಅವರ ಮುಂದಿನವರು.
ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.
ಬಟ್ಟೆ ಒಗೆಯುತ್ತಿದ್ದಳಂತೆ. ಸತ್ತು ಬಹಳ ವರ್ಷವಾಯಿತು.
ಗಂಟಿಗೆ ಮಾತ್ರ ಸಾಯುವುದು ಗೊತ್ತಿಲ್ಲ.
ಆದರೂ ಅದಕ್ಕೊಂದು ಶಿಸ್ತಿದೆ:
ಈಸ್ಟ್ರೊಜೆನ್ ಕೊಟ್ಟರೆ ಒಡೆದು ಎರಡಾಗುತ್ತದೆ,
ಕೊಡದಿದ್ದರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ.

ಹದಿನಾರು ವರ್ಷದಿಂದ ನೆಲಿದಾಳ ಕೆಲಸ ಇಷ್ಟೇ.
ಒಂದು ಸಾಲಿಗೆ ಹಾಕುವುದು, ಒಂದು ಸಾಲಿಗೆ ಹಾಕದಿರುವುದು.
ಆಮೇಲೆ ಎಣಿಸುವುದು.

ಇವತ್ತು ಏನೂ ಹಾಕದ ತಟ್ಟೆಗಳೂ ತುಂಬಿಕೊಂಡಿವೆ.
ಉಪವಾಸ ಕೂರಿಸಿದವರು ಉಂಡು ತೇಗುತ್ತಿದ್ದಾರೆ.

ಮೊದಲು ತನ್ನನ್ನೇ ಬೈದುಕೊಂಡಳು.
ಕೈ ತಪ್ಪಿರಬೇಕು. ಪಿಪೆಟ್ಟು ಬದಲಾಯಿಸಿದಳು,
ಸೀರಮ್ ಮತ್ತೆ ಇದ್ದಿಲಿಗೆ ಹಾಕಿ ಸೋಸಿದಳು,
ಹುಡುಗ ಎಫ್ರಾಯಿನ್‌ನನ್ನು ಗದರಿದಳು. ಅವನು
ಮತೆ ಹೀರುವ ಕೊಳವೆಯನ್ನು ಬಾಯಿಂದ ತೆಗೆದು
ಆಣೆ ಇಟ್ಟ: ನಾನು ಮುಟ್ಟಿಲ್ಲ ದೊನ್ಯಾ ನೆಲಿದಾ.
ಮತ್ತೆ ಮಾಡಿದಳು. ಮತ್ತೆ ತುಂಬಿದವು.
ನೀರು. ಗಾಳಿ. ಕೈಗವಸಿನ ಪುಡಿ. ಬಾಗಿಲ ಹಿಡಿ.
ಒಂಬತ್ತು ವಾರ ಒಬ್ಬೊಬ್ಬರನ್ನೇ ಕರೆದು ವಿಚಾರಣೆ.

ಕೊನೆಗೆ ಉಳಿದದ್ದು, ಸಾಕ್ಷಿಗೂ ಯಾರೂ ಕರೆಯದಿದ್ದದ್ದು,
ಸೀರಮ್ ಇಟ್ಟ ಕೊಳವೆ.
ತಿಳಿ ಪ್ಲಾಸ್ಟಿಕ್. ಹೊಸ ಸರಬರಾಜು, ಕಿತ್ತಳೆ ಮುಚ್ಚಳ,
ಕ್ರಿಮಿಶುದ್ಧ ಎಂದು ಮುದ್ರೆ.
ಬೇಲಿ ಎದ್ದು ಹೊಲ ಮೇಯಲಿಲ್ಲ ಇಲ್ಲಿ;
ಬೇಲಿಯೇ ಕಳೆಗೆ ನೀರು ಹನಿಸುತ್ತಿತ್ತು.

ಕಂಪನಿಗೆ ಪತ್ರ ಬರೆದಳು: ಇದರಲ್ಲಿ ಏನು ಬೆರೆಸಿದ್ದೀರಿ?
ಉತ್ತರ ಬಂತು, ಎರಡೇ ಸಾಲು, ಬಹಳ ಮರ್ಯಾದೆಯಿಂದ:
ಅದು ವ್ಯಾಪಾರದ ಗುಟ್ಟು.

ಅಕ್ಕ ಓತಿಲಿಯಾ ಇರುವುದು ಇದೇ ಊರಿನಲ್ಲಿ, ರೈಲು ಹಳಿಯ ಆಚೆ.
ಹೋದ ವರ್ಷ ಎಡಮೊಲೆ ತೆಗೆದರು.
ದಿನಕ್ಕೊಂದು ಗುಳಿಗೆ, ಐದು ವರ್ಷ:
ಬೀಗದ ಕಣ್ಣಿಗೆ ಮೇಣ ಮೆತ್ತುವ ಕೆಲಸ,
ಹಾರ್ಮೋನಿನ ಕೀಲಿ ಒಳಗೆ ತಿರುಗದ ಹಾಗೆ.
ಭಾನುವಾರ ನೆಲಿದಾ ಹೋದಾಗ ಅಕ್ಕ
ಐಸ್‌ಕ್ರೀಮಿನ ಹಳೇ ಡಬ್ಬಿಯಲ್ಲಿ
(ಟೊಮೆಟೊ ಕುಡಿದು ಕುಡಿದು ಅದರ ಬಿಳಿ ಗೋಡೆ ಕೇಸರಿ)
ಮಸೂರದ ಸೂಪು ಕಾಯಿಸುತ್ತಿದ್ದಳು.
ಮೈಕ್ರೋವೇವಿನ ಬೆಳಕಿನಲ್ಲಿ ಡಬ್ಬಿ ಸುತ್ತುತ್ತಿತ್ತು.

ಹೇಳಲೋ ಬೇಡವೋ ಎಂದು ಮೂರು ಸುತ್ತು ಕಾದಳು.
ಹೇಳಿದಳು. ಕಳ್ಳಕೀಲಿ, ಹಲ್ಲು ಮೊಂಡು,
ಆದರೂ ಹೇಗೋ ಬೀಗಕ್ಕೆ ಕೂರುತ್ತದೆ,
ಅರ್ಧ ತಿರುಗುತ್ತದೆ. ಮೇಣವನ್ನೂ ಕೆರೆಯಬಹುದು.
ಬಹುದು ಎಂಬುದನ್ನು ಎರಡು ಸಲ ಹೇಳಿದಳು.

"ಅದರಿಂದಲೇ ಬಂತೇನೇ ನನಗೆ?"
"ಗೊತ್ತಿಲ್ಲ. ಬಂದದ್ದನ್ನು ಬೆಳೆಸುತ್ತದೋ ಏನೋ, ಅದೂ ಗೊತ್ತಿಲ್ಲ.
ಅದು ತಟ್ಟೆಯಲ್ಲಿ ಆದದ್ದು. ನೀನು ತಟ್ಟೆಯಲ್ಲ."
ಅಕ್ಕ ಸ್ವಲ್ಪ ಹೊತ್ತು ಕಿಟಕಿ ನೋಡಿದಳು. ಓಣಿಯಲ್ಲಿ ಹುಡುಗರು
ಬಾಟಲಿಯನ್ನೇ ಚೆಂಡು ಮಾಡಿ ಒದೆಯುತ್ತಿದ್ದರು.
"ಸರಿ, ಹೋಲಿಸಿ ನೋಡೋಕೆ ಏನೂ ಹಾಕದ ತಟ್ಟೆ ಬೇಕು ಅಂತೀಯಲ್ಲ,
ಈ ಓಣಿಯಲ್ಲಿ ಅದು ಯಾರು?"

ಸೂಪು ಅಮ್ಮನ ಎನಾಮೆಲ್ ಪಾತ್ರೆಗೆ ಬಂತು, ಅಂಚು ಚಕ್ಕೆ ಎದ್ದದ್ದು.
ಡಬ್ಬಿ ಎಸೆಯಲಿಲ್ಲ; ಗುಂಡಿ ಹಾಕಿಡಲು ಬರುತ್ತೆ ಅಂದಳು.
ಉಂಡ ಮೇಲೆ ಗುಳಿಗೆ.
ಹೆಬ್ಬೆರಳಲ್ಲಿ ಒತ್ತಿದಳು. ತಿಳಿ ಪ್ಲಾಸ್ಟಿಕ್ಕಿನ ಗುಳ್ಳೆ
ಟಪ್ಪೆಂದು ಕುಸಿಯಿತು,
ಅಂಗೈಗೆ ಬಿತ್ತು ಇವತ್ತಿನದು.